ಅರವತ್ತು ಮೀಟರ್ ಮೇಲಿನಿಂದ ನಾಲ್ಕನೇ ಮನೆ

ನಕ್ಷೆ ಕಚೇರಿಯಲ್ಲಿ ಆಕೆಗೆ ಗೆರೆಯಮ್ಮ ಎಂದು ಹೆಸರಿಟ್ಟವರು ಯಾರೋ ಗೊತ್ತಿಲ್ಲ. ಇಟ್ಟವರು ಮಾತ್ರ ಎರಡು ಅರ್ಥ ಮನಸ್ಸಿನಲ್ಲಿಟ್ಟುಕೊಂಡೇ ಇಟ್ಟಿರಬೇಕು. ಕೂದಲೆಳೆಯಷ್ಟು ಸಪೂರ ಗೆರೆಯನ್ನು ಕೈ ನಡುಗದೆ ಒಂದೇ ಉಸಿರಿನಲ್ಲಿ ಗೇಣುದ್ದ ಎಳೆಯಬಲ್ಲವಳು ಆ ಹಾಲಿನಲ್ಲಿ ಆಕೆಯೊಬ್ಬಳೇ. ಬೇರೆಯವರು ಎಳೆದ ಗೆರೆಯನ್ನು ಎಂದೂ ದಾಟದವಳೂ ಆಕೆಯೊಬ್ಬಳೇ. ಒಂಬತ್ತೂವರೆಗೆ ಕಚೇರಿ ಎಂದರೆ ಒಂಬತ್ತು ಇಪ್ಪತ್ತೈದಕ್ಕೆ ಕುರ್ಚಿಯಲ್ಲಿರುವಳು. ರಸ್ತೆಯಲ್ಲಿ ನರಪಿಳ್ಳೆ ಇಲ್ಲದಿದ್ದರೂ ದೀಪ ಹಸಿರಾಗುವ ತನಕ ಕಾಲು ಎತ್ತುವವಳಲ್ಲ. "ಮನೆಗೆ ಬೆಂಕಿ ಬಿದ್ರೂ ನಮ್ಮಕ್ಕ ಸಾಲಲ್ಲಿ ನಿಂತ್ಕೊಂಡೇ ಆಚೆ ಬರ್ತಾಳೆ" ಎಂದು ಆಕೆಯ ತಮ್ಮ ನೆಂಟರನ್ನೆಲ್ಲ ನಗಿಸುತ್ತಿದ್ದ.

ಇಪ್ಪತ್ತನಾಲ್ಕನೇ ವಯಸ್ಸಿಗೆ ಆ ಕಚೇರಿ ಸೇರಿದವಳು ಮೂವತ್ತನಾಲ್ಕು ವರ್ಷ ಒಂದೇ ಮೇಜಿನಲ್ಲಿ ಕೂತಳು. ಎರಡನೇ ಮಹಡಿಯ ಉದ್ದನೆಯ ಹಾಲು. ಉತ್ತರದ ಗೋಡೆಗೆಲ್ಲ ಕಿಟಕಿ, ನೆರಳು ಬೀಳಬಾರದೆಂದು. ಹದಿನಾರು ಓರೆ ಮೇಜು. ಗಾಜಿನ ಹಾಸಿನ ಕೆಳಗೆ ಟ್ಯೂಬ್‌ಲೈಟು. ಇಂಕಿನ ವಾಸನೆ, ಪೆನ್ನಿನ ಮೂತಿ ತೊಳೆಯುವ ಸ್ಪಿರಿಟ್ಟಿನ ವಾಸನೆ, ತಪ್ಪಿದ ಗೆರೆಯನ್ನು ಬ್ಲೇಡಿನಿಂದ ಕೆರೆಯುವ ಸದ್ದು. ಮೊದಲ ದಿನ ಹೆಡ್ ಡ್ರಾಫ್ಟ್ಸ್‌ಮನ್ ಆಕೆಯ ಮುಂದೆ ಎರಡು ಫೋಟೋ ಇಟ್ಟು, ಅವುಗಳ ಮೇಲೆ ನಾಲ್ಕು ಕಾಲಿನ ಜೋಡಿಗನ್ನಡಿಯೊಂದನ್ನು ನಿಲ್ಲಿಸಿದರು. ವಿಮಾನದಿಂದ ತೆಗೆದ ಚಿತ್ರಗಳು. ಎರಡೂ ಒಂದೇ ಜಾಗದವು. ವಿಮಾನ ಸ್ವಲ್ಪ ಮುಂದೆ ಹೋದ ಮೇಲೆ ಮತ್ತೊಮ್ಮೆ ಕ್ಲಿಕ್ಕಿಸಿದವು.

"ಎರಡೂ ಕಣ್ಣು ತೆರ್ದು ನೋಡಮ್ಮ. ಅವಸರ ಬೇಡ."

ಮೊದಲು ಎರಡು ಬೂದು ಚೌಕ ಕಂಡವು. ಆಮೇಲೆ ಅವು ಒಂದರೊಳಗೊಂದು ಜಾರಿ ಸೇರಿದ್ದೇ ತಡ, ಮರಗಳು ಎದ್ದು ನಿಂತವು. ಮನೆಗಳು ಕಾಗದ ಬಿಟ್ಟು ಮೇಲೆ ಬಂದವು. ನೀರಿನ ಟ್ಯಾಂಕು ಮೂಗಿಗೆ ತಾಗುವಷ್ಟು ಹತ್ತಿರ ಬಂತು. ಗೆರೆಯಮ್ಮ ಬೆಚ್ಚಿ ಹಿಂದಕ್ಕೆ ಸರಿದು ಮೇಜಿನ ಅಂಚು ಹಿಡಿದುಕೊಂಡಳು.

"ಬೀಳಲ್ಲ ಕಣಮ್ಮ, ಕೂತ್ಕೋ," ಎಂದರು ಹೆಡ್. "ನಾನೂ ಮೊದಲ್ನೇ ದಿನ ಕುರ್ಚಿಯಿಂದ ಬಿದ್ದಿದ್ದೆ. ಯಾರ್ಗೂ ಹೇಳ್ಬೇಡ."

ಆ ಹೆಡ್ಡಿಗೆ ಭೂತಗನ್ನಡಿ ಎಂದು ಅಡ್ಡಹೆಸರು. ಯಾವ ತಪ್ಪೂ ಅವರ ಕಣ್ಣಿಗೆ ಸಣ್ಣದಾಗಿ ಕಾಣುತ್ತಿರಲಿಲ್ಲ. ವಿಮಾನದ ಚಿತ್ರಗಳು ಆಗ ಗುಟ್ಟಿನ ವಸ್ತು. ಅರಗಿನ ಮೊಹರು ಒತ್ತಿದ ತಗಡಿನ ಪೆಟ್ಟಿಗೆಯಲ್ಲಿ ಬರುತ್ತಿದ್ದವು. ಬೆಳಿಗ್ಗೆ ಎಣಿಸಿ ಕೊಡುವುದು, ಸಂಜೆ ಎಣಿಸಿ ತೆಗೆದುಕೊಳ್ಳುವುದು. ಒಂದು ಕಡಿಮೆ ಬಂದರೆ ಹದಿನಾರು ಜನರೂ ಮನೆಗೆ ಹೋಗುವಂತಿಲ್ಲ. ಒಮ್ಮೆ ಒಂದು ಚಿತ್ರ ಟ್ರೇಸಿಂಗ್ ಹಾಳೆಗೆ ಅಂಟಿಕೊಂಡು ಕಾಣದಾದಾಗ ಹೆಡ್ ಕಸದ ಬುಟ್ಟಿಯನ್ನೆಲ್ಲ ನೆಲಕ್ಕೆ ಸುರಿದು ತಾವೇ ಮಂಡಿಯೂರಿ ಕೂತಿದ್ದರು.

ಕೆಲಸಕ್ಕೆ ಸೇರಿದ ಆರನೇ ವರ್ಷ, ಕಾಲುವೆಯೊಂದರ ಕೆಲಸಕ್ಕೆಂದು ಹಳೆಯ ಪೆಟ್ಟಿಗೆಯೊಂದು ಬಂತು. ವಿಮಾನ ತಗ್ಗಿನಲ್ಲಿ ಹಾರಿ ತೆಗೆದ ಚಿತ್ರಗಳಾದ್ದರಿಂದ ಸಣ್ಣಪುಟ್ಟದ್ದೂ ಚೆನ್ನಾಗಿ ಕಾಣುತ್ತಿತ್ತು. ಮೂರನೇ ಜೋಡಿಯನ್ನು ಕನ್ನಡಿಯ ಕೆಳಗಿಟ್ಟ ಗೆರೆಯಮ್ಮನಿಗೆ ನೂಲಿನ ಗಿರಣಿಯೊಂದು ಕಂಡಿತು. ಗರಗಸದ ಹಲ್ಲಿನಂಥ ಚಾವಣಿ, ಪಕ್ಕದಲ್ಲಿ ಹೊಗೆಕೊಳವೆ, ಅದರ ಉದ್ದನೆಯ ನೆರಳು. ಗಿರಣಿಯ ಹಿಂದೆ ಆರು ಸಾಲು ಕೆಲಸಗಾರರ ಮನೆಗಳು. ಕಣ್ಣು ತಾನಾಗಿ ಎರಡನೇ ಸಾಲಿಗೆ ಹೋಯಿತು, ಅಲ್ಲಿಂದ ನಾಲ್ಕನೇ ಮನೆಗೆ. ಅದು ಆಕೆ ಹುಟ್ಟಿ ಬೆಳೆದ ಮನೆ.

ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲು. ತಂತಿಯ ಮೇಲೆ ಬಿಳಿಯ ಚೌಕ. ಹಾಸಿಗೆಯ ಮೇಲುಹೊದಿಕೆ ಇರಬೇಕು. ಅದರ ಪಕ್ಕದಲ್ಲಿ ಒಂದು ಚುಕ್ಕೆ, ಚುಕ್ಕೆಗೊಂದು ನೆರಳು.

ಚಿತ್ರದ ಅಂಚಿನಲ್ಲಿ ತಾರೀಖಿತ್ತು. ಆಗ ಆಕೆಗೆ ಒಂಬತ್ತು ವರ್ಷ. ಹೊಗೆಕೊಳವೆಯ ನೆರಳು ಅಳೆದು ನೋಡಿದರೆ ಹೊತ್ತು ಬೆಳಗಿನ ಒಂಬತ್ತೂವರೆಯ ಆಸುಪಾಸು. ಒಂಬತ್ತೂವರೆಗೆ ತಾನು ಶಾಲೆಯಲ್ಲಿ. ಅಪ್ಪ ಮೊದಲ ಪಾಳಿಯಲ್ಲಿ. ಹಾಗಾದರೆ ಅಲ್ಲಿ ನಿಂತದ್ದು ಅಮ್ಮ. ಆ ಅಮ್ಮ ತೀರಿಕೊಂಡು ಆಗಲೇ ಎರಡು ವರ್ಷವಾಗಿತ್ತು.

ಗೆರೆಯಮ್ಮ ಎಷ್ಟು ಹೊತ್ತು ಹಾಗೇ ಬಗ್ಗಿದ್ದಳೋ. ಹೆಡ್ ಬಂದು ಪಕ್ಕದಲ್ಲಿ ನಿಂತಾಗ, ಜೀವಮಾನದಲ್ಲೇ ಮೊದಲ ಸಲ ನಿಯಮಕ್ಕೆ ಹೊರತಾದದ್ದೊಂದನ್ನು ಬಾಯಿಬಿಟ್ಟು ಕೇಳಿದಳು: "ಸರ್, ಇದ್ರದ್ದೊಂದು ಪ್ರತಿ ಸಿಗುತ್ತಾ? ಮನೆಗೆ?"

ಅವರು ಕಾರಣ ಕೇಳಿದರು. ಹೇಳಿದಳು. ಅವರೂ ಬಗ್ಗಿ ನೋಡಿದರು. ನೆಟ್ಟಗಾದ ಮೇಲೆ ಕನ್ನಡಕ ಒರೆಸಿಕೊಂಡು, "ಇಲ್ಲ ಕಣಮ್ಮ, ಆಗಲ್ಲ. ನಿನಗೂ ಗೊತ್ತು," ಎಂದರು. ಎರಡು ಹೆಜ್ಜೆ ಹೋದವರು ತಿರುಗಿ ನಿಂತರು. "ಮನೆಗೆ ಒಯ್ಯೋಕೆ ನಿಯಮ ಇಲ್ಲ. ನೋಡ್ಬೇಡ ಅನ್ನೋಕೂ ನಿಯಮ ಇಲ್ಲ. ಈ ಹಾಳೆ ಕಷ್ಟದ್ದು, ನಿಧಾನವಾಗಿ ಮಾಡು."

ನಾಲ್ಕು ದಿನದ ಕೆಲಸಕ್ಕೆ ಹೆಡ್ ಹನ್ನೊಂದು ದಿನ ಕೊಟ್ಟರು. ಮೇಲಿನವರು ವಿಚಾರಿಸಿದಾಗ "ಕಾಲುವೆ ಅಂಕುಡೊಂಕು ಜಾಸ್ತಿ" ಎಂದರು. ಆ ಕಾಲುವೆಯೋ ಸ್ಕೇಲು ಇಟ್ಟು ಎಳೆದಂತೆ ನೆಟ್ಟಗಿತ್ತು. ಹನ್ನೆರಡನೇ ದಿನ ಪೆಟ್ಟಿಗೆಗೆ ಮೊಹರು ಬಿದ್ದು, ಅದು ಬಂದ ದಾರಿ ಹಿಡಿಯಿತು.

ಮನೆಯಲ್ಲಿ ತಮ್ಮ ಹೌಹಾರಿದ. "ಒಂದು ಫೋಟೋ ಎತ್ಕೊಂಡು ಬಂದಿದ್ರೆ ಆಕಾಶ ಕಳಚಿ ಬೀಳ್ತಿತ್ತಾ? ಚೀಲದಲ್ಲಿ ಹಾಕ್ಕೊಂಡ್ರೆ ಯಾರಿಗೆ ಗೊತ್ತಾಗ್ತಿತ್ತು?"

"ನನಗೆ ಗೊತ್ತಾಗ್ತಿತ್ತು."

"ಅಮ್ಮ ಒಬ್ಳೇ ಇದ್ಲಾ ಅದ್ರಲ್ಲಿ?"

"ನೀನೂ ಇದ್ದೆ ಕಣೋ. ಮೂರು ವರ್ಷ ಆದ್ರೂ ಸೊಂಟ ಬಿಟ್ಟು ಇಳೀತಿರ್ಲಿಲ್ಲವಲ್ಲ ನೀನು. ನೆರಳು ಸ್ವಲ್ಪ ದಪ್ಪಗಿತ್ತು."

"ಹಾಗಾದ್ರೆ ನನ್ನನ್ನೂ ಅಲ್ಲೇ ಬಿಟ್ಟು ಬಂದೆ ಅನ್ನು," ಎಂದ. ಹೇಳುವಾಗ ನಕ್ಕನಾದರೂ ಆ ಮಾತು ಅವರಿಬ್ಬರ ನಡುವೆ ಎಷ್ಟೋ ವರ್ಷ ಸಣ್ಣ ಮುಳ್ಳಿನಂತೆ ಉಳಿಯಿತು.

ಕಾಲ ಸರಿಯಿತು. ಹೆಡ್ ನಿವೃತ್ತರಾದರು. ಹಾಲಿಗೆ ಕಂಪ್ಯೂಟರು ಬಂದವು, ಓರೆ ಮೇಜುಗಳು ಗುಜರಿಗೆ ಹೋದವು. ಕೊನೆಯ ಐದಾರು ವರ್ಷ ಗೆರೆಯಮ್ಮ ಇಲಿಯ ಬಾಲ ಹಿಡಿದಂತೆ ಮೌಸು ಹಿಡಿದು ಗೆರೆ ಎಳೆದಳು. ಯಾರು ಎಳೆದರೂ ಒಂದೇ ದಪ್ಪ, ಒಂದೇ ಕಪ್ಪು. ತನ್ನ ಗೆರೆ ಯಾವುದು, ಬೇರೆಯವರದು ಯಾವುದು ಎಂದು ತನಗೇ ತಿಳಿಯುತ್ತಿರಲಿಲ್ಲ. ಹಳೆಯ ಸಾಮಾನು ಹರಾಜಾದಾಗ ಜೋಡಿಗನ್ನಡಿಯೊಂದನ್ನು ಕೂಗಿ ಕೊಂಡು, ರಸೀದಿಯನ್ನು ಅದರ ಪೆಟ್ಟಿಗೆಯೊಳಗೇ ಅಂಟಿಸಿದಳು. ಮದುವೆಯ ಮಾತು ಎರಡು ಸಲ ಬಂದು ಎರಡು ಸಲವೂ ಮುರಿದಿತ್ತು. ಅದರ ಬಗ್ಗೆ ಆಕೆಗೆ ದೊಡ್ಡ ಕೊರಗೇನೂ ಇರಲಿಲ್ಲ. ತಮ್ಮನ ಮನೆಯ ಮಹಡಿಯ ಮೇಲೆ ಒಂದು ಕೋಣೆ, ಒಂದು ಅಡುಗೆಮನೆ, ಉತ್ತರಕ್ಕೊಂದು ಕಿಟಕಿ. ಸಾಕಾಗಿತ್ತು.

ತಮ್ಮನದು ಕೆಳಗೆ ಬೀದಿಬದಿಯಲ್ಲಿ ಟಿವಿ ರಿಪೇರಿ ಅಂಗಡಿ. ಜನ ಟಿವಿ ರಿಪೇರಿ ಮಾಡಿಸುವುದನ್ನೇ ಬಿಟ್ಟ ಮೇಲೆ ಮಿಕ್ಸಿ, ಫ್ಯಾನು, ಮೊಬೈಲು, ಕೈಗೆ ಸಿಕ್ಕಿದ್ದೆಲ್ಲ ಬಿಚ್ಚುತ್ತಿದ್ದ. ಐವತ್ತೈದನೇ ವಯಸ್ಸಿಗೆ ಅವನಿಗೆ ಡ್ರೋನಿನ ಹುಚ್ಚು ಹಿಡಿಯಿತು. ಯಾರೋ ಬಳಸಿ ಬಿಟ್ಟದ್ದನ್ನು ಕೊಂಡು ತಂದ. ನಾಲ್ಕು ರೆಕ್ಕೆಯ, ಬೂದು ಬಣ್ಣದ, ಊಟದ ಡಬ್ಬಿಯಷ್ಟಿದ್ದ ಯಂತ್ರ; ಹೊಟ್ಟೆಯ ಕೆಳಗೆ ಬಟಾಣಿಯಷ್ಟು ಕ್ಯಾಮೆರಾ. ಕೈಪಿಡಿ ಓದುವ ಜಾತಿಯವನಲ್ಲ ಅವನು. ಒಂದು ಭಾನುವಾರ ಬೆಳಿಗ್ಗೆ ತಾರಸಿಯಿಂದ ಹಾರಿಸಿದ.

ಪಕ್ಕದ ಮನೆಯ ತಾರಸಿಯಲ್ಲಿ ನಿವೃತ್ತ ನರ್ಸಮ್ಮ ತಲೆಗೆ ಸ್ನಾನ ಮಾಡಿ, ಕೂದಲು ಬಿಚ್ಚಿಕೊಂಡು ಬಿಸಿಲಿಗೆ ಕೂತಿದ್ದರು. ತಲೆಯ ಮೇಲೆ ಜೇನುಹುಳದ ಹಿಂಡು ಬಂದಂಥ ಸದ್ದು ಕೇಳಿ ಕತ್ತೆತ್ತಿದರೆ, ಕ್ಯಾಮೆರಾ ಕಣ್ಣು ಪಿಳಿಪಿಳಿ ನೋಡುತ್ತಿದೆ! ಮೂವತ್ತು ವರ್ಷ ವಾರ್ಡು ನೋಡಿದ ಹೆಂಗಸು, ಹೆದರಲಿಲ್ಲ. ಪೊರಕೆ ತೆಗೆದುಕೊಂಡು ಒಂದೇ ಏಟು. ಡ್ರೋನು ಅವರ ಹೂಕುಂಡದೊಳಗೆ ಬಿತ್ತು. ಮಧ್ಯಾಹ್ನದ ಹೊತ್ತಿಗೆ ಅದು ಪೊಲೀಸ್ ಠಾಣೆಯ ಬೀರುವಿನಲ್ಲಿತ್ತು.

"ನೋಂದಣಿ ನಂಬರ್ ಎಲ್ಲಿ? ಹಾರಿಸೋಕೆ ಪರೀಕ್ಷೆ ಪಾಸಾಗಿದೀರಾ? ಜನರ ಮೇಲೆ ಹಾರಿಸ್ಬಾರ್ದು ಅಂತ ಗೊತ್ತಿಲ್ವಾ?" ಇನ್‌ಸ್ಪೆಕ್ಟರ್ ಕೇಳಿದ ಮೂರು ಪ್ರಶ್ನೆಗೂ ತಮ್ಮನ ಬಳಿ ಒಂದೇ ಉತ್ತರ: "ಆಟದ ಸಾಮಾನು ಅಂದ್ಕೊಂಡಿದ್ದೆ ಸರ್."

ಇನ್‌ಸ್ಪೆಕ್ಟರು ಒಳ್ಳೆಯವರು. ಮೊದಲ ತಪ್ಪೆಂದು ಎಚ್ಚರಿಕೆ ಬರೆಸಿಕೊಂಡರು. ಯಂತ್ರವನ್ನು ನೋಂದಣಿ ಮಾಡಿಸಿ, ಪರೀಕ್ಷೆ ಪಾಸಾದವರು ಬಂದರೆ ಕೊಡುತ್ತೇವೆ ಎಂದರು. ತಮ್ಮ ಮುಖ ಸಪ್ಪೆ ಮಾಡಿಕೊಂಡು ಮಹಡಿ ಹತ್ತಿ ಬಂದ. "ಅಕ್ಕ, ನಿಯಮದ ಪುಸ್ತಕ ಓದೋದಂದ್ರೆ ನಿನಗೆ ಹಬ್ಬ ಅಲ್ವಾ. ಸ್ವಲ್ಪ ಓದಿ ಹೇಳು."

ಗೆರೆಯಮ್ಮ ಮೊದಲು ಪಕ್ಕದ ಮನೆಗೆ ಹೋಗಿ ನರ್ಸಮ್ಮನ ಕ್ಷಮೆ ಕೇಳಿದಳು. ಆಮೇಲೆ ನಿಯಮಗಳನ್ನು ಅಚ್ಚು ಹಾಕಿಸಿ, ಕೆಂಪು ಪೆನ್ಸಿಲು ಹಿಡಿದು ಕೂತಳು. ಹಗಲಿನಲ್ಲಿ ಮಾತ್ರ ಹಾರಿಸಬೇಕು. ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಇರಬೇಕು. ನೂರಿಪ್ಪತ್ತು ಮೀಟರ್ ದಾಟಬಾರದು. ಗುಂಪಿನ ಮೇಲೆ, ಒಪ್ಪಿಗೆ ಇಲ್ಲದವರ ಮೇಲೆ, ಇನ್ನೊಬ್ಬರ ಮನೆಯೊಳಗೆ ಇಣುಕುವ ಹಾಗೆ ಹಾರಿಸಬಾರದು. ಓದುತ್ತ ಓದುತ್ತ ಆಕೆಗೆ ಇದ್ಯಾವುದೂ ಹೊಸದೆನಿಸಲಿಲ್ಲ. ಮೇಲಿನಿಂದ ನೋಡುವವನಿಗೆ ಕೆಳಗಿನವರ ಬಗ್ಗೆ ಮರ್ಯಾದೆ ಇರಬೇಕು, ಅಷ್ಟೇ ತಾನೇ? ಹೆಡ್ ಹೇಳುತ್ತಿದ್ದುದೂ ಅದನ್ನೇ.

ಆದರೆ ಕೊನೆಯಲ್ಲಿದ್ದ ನಕ್ಷೆ ಕಂಡು ಆಕೆ ಪೆನ್ಸಿಲು ಕೆಳಗಿಟ್ಟಳು. ಇಡೀ ಊರಿನ ನಕ್ಷೆ. ಹಸಿರು ಬಣ್ಣವಿದ್ದ ಕಡೆ ಹಾರಿಸಬಹುದು, ಹಳದಿಯಲ್ಲಿ ಅನುಮತಿ ಬೇಕು, ಕೆಂಪಿನಲ್ಲಿ ಕೂಡದು. ವಿಮಾನ ನಿಲ್ದಾಣದ ಸುತ್ತ ಕೆಂಪು ವೃತ್ತ, ಅದರಾಚೆ ಹಳದಿ. ಆ ಹಳದಿಯ ಅಂಚಿನಲ್ಲಿ, ಹಸಿರಿಗೆ ಇನ್ನೇನು ಎರಡು ಬೀದಿ ಇದೆ ಎನ್ನುವಲ್ಲಿ, ಗಿರಣಿಯ ಆರು ಸಾಲು ಮನೆಗಳಿದ್ದವು. ಅಲ್ಲಿಂದ ಈ ಮನೆಗೆ ಬಂದು ಮೂವತ್ತು ವರ್ಷ ದಾಟಿತ್ತು. ಗಿರಣಿ ಮುಚ್ಚಿ ಇಪ್ಪತ್ತು ವರ್ಷ.

ಪರೀಕ್ಷೆಗೆ ಅಕ್ಕ ತಮ್ಮ ಇಬ್ಬರೂ ಕೂತರು. ನಲವತ್ತು ಪ್ರಶ್ನೆ. ಗೆರೆಯಮ್ಮನಿಗೆ ನಲವತ್ತಕ್ಕೆ ನಲವತ್ತು. ತಮ್ಮನಿಗೆ ಹತ್ತೊಂಬತ್ತು.

"ಹಾಗಾದ್ರೆ ಡ್ರೋನ್ ನನ್ನದು, ಪೈಲಟ್ ನೀನು!" ಎಂದ ತಮ್ಮ, ಹಣೆ ಬಡಿದುಕೊಳ್ಳುತ್ತ.

"ಪಕ್ಕದಲ್ಲಿ ನಿಂತು ಆಕಾಶ ನೋಡೋಕೆ ಒಬ್ರು ಬೇಕು ಅಂತ ಇದೆ. ಅದು ನೀನು."

ಹೀಗೆ ಅರವತ್ತೊಂದನೇ ವಯಸ್ಸಿನಲ್ಲಿ ಗೆರೆಯಮ್ಮ ಹಾರಿಸಲು ಕಲಿತಳು. ಪ್ರತಿ ಶನಿವಾರ ಬೆಳಿಗ್ಗೆ ತಮ್ಮನ ಸ್ಕೂಟರಿನ ಹಿಂದೆ ಕೂತು, ಡ್ರೋನನ್ನು ಮಗುವಿನಂತೆ ಮಡಿಲಲ್ಲಿಟ್ಟುಕೊಂಡು, ಊರಾಚೆಯ ಹಳೆಯ ಇಟ್ಟಿಗೆ ಗೂಡಿನ ಬಯಲಿಗೆ ಹೋಗುವಳು. ಅದು ಹಸಿರು ಜಾಗ. ಮೊದಲೆರಡು ವಾರ ಯಂತ್ರ ಕುಡುಕನಂತೆ ತೂರಾಡಿತು. ಒಂದು ಸಲ ಗಾಳಿಗೆ ಸಿಕ್ಕಿ ಮುಳ್ಳುಕಂಟಿಗೆ ಹೋಗಿ ಕೂತಿತು. ತಮ್ಮ ಅದನ್ನು ಬಿಡಿಸಿ ತರುವಷ್ಟರಲ್ಲಿ ಅಂಗಿಯ ತೋಳು ಹರಿದಿತ್ತು. ಮೂರನೇ ವಾರ ಆಕೆಯ ಹೆಬ್ಬೆರಳುಗಳಿಗೆ ಹಳೆಯ ನೆನಪು ಬಂತು. ಗೆರೆ ಎಳೆಯುವಾಗಿನಂತೆ ಉಸಿರು ಹಿಡಿದು ರಿಮೋಟಿನ ಕಡ್ಡಿಯನ್ನು ಮೆಲ್ಲಗೆ ನೂಕಿದಳು. ಡ್ರೋನು ಬಯಲಿನ ಈ ತುದಿಯಿಂದ ಆ ತುದಿಗೆ ನೂಲು ಹಿಡಿದಂತೆ ಸಾಗಿತು.

"ಅಕ್ಕ, ಇದೇನು, ಹೊಲ ಉಳ್ತಾ ಇದೀಯಾ? ಸ್ವಲ್ಪ ಸುತ್ತಾಡ್ಸು, ಪಲ್ಟಿ ಹೊಡ್ಸು!"

"ನೀನು ಮೇಲೆ ನೋಡು. ಹಕ್ಕಿ ಬಂದ್ರೆ ಹೇಳು."

ಆ ಸಾಲಿನುದ್ದಕ್ಕೂ ಸ್ವಲ್ಪ ಸ್ವಲ್ಪ ಮುಂದೆ ಹೋಗಿ ಚಿತ್ರ ತೆಗೆದಿದ್ದಳು. ಮನೆಗೆ ಬಂದು ಎರಡನ್ನು ಕಾಗದಕ್ಕೆ ಇಳಿಸಿ, ಜೋಡಿಗನ್ನಡಿ ಒರೆಸಿ ಅದರ ಕೆಳಗಿಟ್ಟು ತಮ್ಮನನ್ನು ಕೂರಿಸಿದಳು. ಅವನು ಒಂದು ನಿಮಿಷ "ಏನೂ ಕಾಣ್ತಿಲ್ಲ, ಏನೂ ಕಾಣ್ತಿಲ್ಲ" ಎಂದ. ಆಮೇಲೆ "ಅಯ್ಯಪ್ಪಾ!" ಎಂದು ಕುರ್ಚಿ ಸಮೇತ ಹಿಂದಕ್ಕೆ ಸರಿದ. ಇಟ್ಟಿಗೆ ಗೂಡು ಅವನ ಮುಖದತ್ತ ಎದ್ದು ಬಂದಿತ್ತು. ಮತ್ತೆ ಬಗ್ಗಿದವನು ಬಹಳ ಹೊತ್ತು ತಲೆ ಎತ್ತಲಿಲ್ಲ.

"ಅವತ್ತು ಅಮ್ಮ ಹೀಗೇ ಕಂಡ್ಲಾ ನಿನಗೆ?" ಎಂದು ಬಗ್ಗಿದಲ್ಲಿಂದಲೇ ಕೇಳಿದ.

"ಹೀಗೇ. ಇನ್ನೂ ಚಿಕ್ಕದಾಗಿ."

ಮರುದಿನವೇ ಗೆರೆಯಮ್ಮ ಎರಡು ಅರ್ಜಿ ಬರೆದಳು. ಒಂದು ತನ್ನ ಹಳೆಯ ಕಚೇರಿಗೆ: ಇಷ್ಟು ವರ್ಷದ ಹಿಂದಿನ ವಿಮಾನ ಚಿತ್ರಗಳನ್ನು ಈಗ ಸಾರ್ವಜನಿಕರಿಗೆ ಕೊಡುತ್ತಾರೆಂದು ಕೇಳಿದ್ದೇನೆ, ಇಂಥ ಪೆಟ್ಟಿಗೆಯ ಇಂಥ ಸಂಖ್ಯೆಯ ಚಿತ್ರ ಬೇಕು. ಸಂಖ್ಯೆ ಆಕೆಗೆ ಬಾಯಿಪಾಠವಿತ್ತು. ಇನ್ನೊಂದು ವಾಯುಸಂಚಾರ ಕಚೇರಿಗೆ: ಗಿರಣಿ ಮನೆಗಳ ಮೇಲೆ ಡ್ರೋನು ಹಾರಿಸಲು ಅನುಮತಿ ಬೇಕು.

ಮೊದಲನೆಯದಕ್ಕೆ ಉತ್ತರ ಬೇಗ ಬಂತು. ಆ ವರ್ಷದ ಪೆಟ್ಟಿಗೆಗಳು ತೇವ ಹಿಡಿದು ಹಾಳಾಗಿದ್ದವು, ವಿಲೇವಾರಿ ಮಾಡಲಾಗಿದೆ. ಎರಡೇ ಸಾಲು, ಕೆಳಗೊಂದು ಮೊಹರು. ಗೆರೆಯಮ್ಮ ಅದನ್ನು ಓದಿ, ಮಡಚಿ, ಕಡತದಲ್ಲಿಟ್ಟಳು. ಆ ದಿನ ಊಟ ಸೇರಲಿಲ್ಲ. ತಮ್ಮ ಪತ್ರ ಓದಿದ. 'ಅವತ್ತೇ ಎತ್ಕೊಂಡು ಬಂದಿದ್ರೆ' ಎನ್ನುವ ಮಾತು ಅವನ ನಾಲಿಗೆಯ ತುದಿಗೆ ಬಂದದ್ದು ಆಕೆಗೆ ಕಂಡಿತು. ಅವನು ಅದನ್ನು ನುಂಗಿಕೊಂಡು, "ಟೀ ಮಾಡ್ಲಾ?" ಎಂದ. ಅವನು ಟೀ ಮಾಡಿದ್ದು ಆಕೆ ಕಂಡಂತೆ ಅದೇ ಮೊದಲು.

ವಾಯುಸಂಚಾರ ಕಚೇರಿಯಿಂದ ಫೋನು ಬಂತು.

"ಮೇಡಂ, ಉದ್ದೇಶ ಅನ್ನೋ ಕಡೆ 'ಅಮ್ಮನ ಹಿತ್ತಿಲು ನೋಡಲು' ಅಂತ ಬರೆದಿದೀರಿ."

"ಹೌದು ಸರ್. ಅದೇ ಉದ್ದೇಶ."

"ಇಲ್ಲಿ ಪಟ್ಟಿಯಲ್ಲಿ ಹಾಗೊಂದು ಉದ್ದೇಶ ಇಲ್ಲ ಮೇಡಂ. ಹವ್ಯಾಸಿ ಛಾಯಾಗ್ರಹಣ ಅಂತ ಹಾಕ್ಲಾ?"

"ಅದು ಸುಳ್ಳಾಗಲ್ವಾ?"

ಆ ಕಡೆ ಹಾಳೆ ಮಗುಚುವ ಸದ್ದು. "ಸುಳ್ಳಲ್ಲ ಮೇಡಂ. ನಿಮ್ಮದೂ ಅದರೊಳಗೇ ಬರುತ್ತೆ."

ಆದರೂ ಆರು ವಾರ ಹಿಡಿಯಿತು. ಗಿರಣಿ ಕೊಂಡ ಕಂಪನಿಯವರ ಪತ್ರ ಬೇಕು ಎಂದರು; ತಂದುಕೊಟ್ಟಳು. ನಕ್ಷೆಯಲ್ಲಿ ಹಾರುವ ಜಾಗ ಗುರುತಿಸಿ ಕೊಡಿ ಎಂದರು, ಇಂಕಿನಲ್ಲಿ ಎಳೆದುಕೊಟ್ಟಳು. ಆ ನಕ್ಷೆಯನ್ನು ಅಧಿಕಾರಿ ಪಕ್ಕದವರಿಗೆಲ್ಲ ತೋರಿಸಿದರಂತೆ. ಈ ನಡುವೆ ತಮ್ಮ ಚಡಪಡಿಸಿದ. "ಭಾನುವಾರ ಬೆಳಿಗ್ಗೆ ಹೋಗಿ ಐದೇ ನಿಮಿಷ ಹಾರಿಸಿ ಬಂದ್ರೆ ಯಾರು ಕೇಳ್ತಾರೆ? ಮನೆಗಳನ್ನ ಒಡೀತಾರಂತೆ ಅಕ್ಕ, ಇನ್ನೊಂದು ತಿಂಗಳಲ್ಲಿ. ನಿನ್ನ ಅನುಮತಿ ಬರೋ ಹೊತ್ತಿಗೆ ಅಲ್ಲಿ ಮಣ್ಣು ಮಾತ್ರ ಇರುತ್ತೆ."

ಆ ಮಾತಿಗೆ ಗೆರೆಯಮ್ಮ ಮೊದಲ ಸಲ ಅಳುಕಿದಳು. ಶುಕ್ರವಾರ ಸಂಜೆ ಡ್ರೋನಿನ ಪೆಟ್ಟಿಗೆಯನ್ನು ತೆರೆದು, ಬ್ಯಾಟರಿ ತುಂಬಿಸಿ, ಮೇಜಿನ ಮೇಲಿಟ್ಟಳು. ಭಾನುವಾರ ಬೆಳಿಗ್ಗೆ ತಮ್ಮ ಸ್ಕೂಟರು ತೆಗೆದು ಕೆಳಗಿನಿಂದ ಕೂಗಿದಾಗ ಮೆಟ್ಟಿಲು ಇಳಿದೂ ಬಂದಳು. ಕೈಯಲ್ಲಿ ಪೆಟ್ಟಿಗೆಯಿತ್ತು. ಗೇಟಿನ ಬಳಿ ನಿಂತಳು. ಪಕ್ಕದ ತಾರಸಿಯಲ್ಲಿ ನರ್ಸಮ್ಮ ಬಟ್ಟೆ ಹರವುತ್ತಿದ್ದರು, "ಏನು, ಬೆಳಿಗ್ಗೆನೇ ಹೊರಟ್ರಿ?" ಎಂದರು.

"ಇಲ್ಲ," ಎಂದಳು ಗೆರೆಯಮ್ಮ. ತಮ್ಮನ ಕಡೆ ತಿರುಗಿ, "ಇಲ್ಲ ಕಣೋ. ಅಷ್ಟು ವರ್ಷ ಕಾದು, ಈಗ ಕದ್ದು ನೋಡಿದ್ರೆ ನಂಗೆ ಸರಿಯಾಗಿ ಕಾಣಲ್ಲ" ಎಂದು ಮೆಟ್ಟಿಲು ಹತ್ತಿದಳು. ತಮ್ಮ ಸಿಟ್ಟಿನಿಂದ ಸ್ಕೂಟರಿಗೆ ಒದ್ದ. ಅದು ಸ್ಟಾರ್ಟ್ ಆಗಿಬಿಟ್ಟಿತು.

ಎಂಟು ದಿನದ ಮೇಲೆ ಅನುಮತಿ ಬಂತು. ಗುರುವಾರ ಬೆಳಿಗ್ಗೆ ಒಂಬತ್ತರಿಂದ ಹತ್ತು. ಎತ್ತರ ಅರವತ್ತು ಮೀಟರು, ಅದಕ್ಕಿಂತ ಒಂದಿಂಚೂ ಹೆಚ್ಚಿಲ್ಲ.

ಕಾವಲುಗಾರ ಗೇಟು ತೆಗೆದ. ಹೊಗೆಕೊಳವೆ ಇರಲಿಲ್ಲ. ಗಿರಣಿಯ ಗೋಡೆಗಳಲ್ಲಿ ಮರ ಹುಟ್ಟಿತ್ತು. ಆರು ಸಾಲುಗಳಲ್ಲಿ ಎರಡು ಆಗಲೇ ನೆಲಸಮವಾಗಿದ್ದವು, ಎರಡನೇ ಸಾಲು ಇನ್ನೂ ನಿಂತಿತ್ತು. ಇಷ್ಟು ಕಿರಿದಾದ ಬೀದಿಯಲ್ಲಿ ತಾವು ಓಡಿ ಆಡಿದ್ದು ಹೇಗೆ ಎಂದು ಇಬ್ಬರಿಗೂ ಅನ್ನಿಸಿತು. ಕೈ ಚಾಚಿದರೆ ಎರಡೂ ಗೋಡೆ ಸಿಗುವಂತಿತ್ತು. ಪಾಳಿ ಬಿಡುವ ಸೈರನ್ನಿಗೆ ಇಡೀ ಬೀದಿಯ ಸ್ಟವ್ವುಗಳು ಒಟ್ಟಿಗೆ ಹೊತ್ತಿಕೊಳ್ಳುತ್ತಿದ್ದುದು, ಅಪ್ಪನ ರೆಪ್ಪೆಯ ಮೇಲೆ ಹತ್ತಿಯ ಎಳೆ ಕೂತು ಬೆಳ್ಳಗೆ ಕಾಣುತ್ತಿದ್ದುದು, ಒಂದೇ ನಲ್ಲಿಗೆ ಮೂವತ್ತು ಕೊಡಗಳ ಸಾಲು, ಎಲ್ಲ ನೆನಪಾಯಿತು. ಅಮ್ಮ ಅಲ್ಲಿಯೂ ಯಾರನ್ನೂ ಹಿಂದೆ ಹಾಕಿ ಮುಂದೆ ಹೋದವಳಲ್ಲ.

ಒಂಬತ್ತು ಹತ್ತಕ್ಕೆ ಡ್ರೋನು ಮೇಲೇರಿತು. ಅರವತ್ತಕ್ಕೆ ನಿಲ್ಲಿಸಿದಳು. ಪರದೆಯಲ್ಲಿ ಎರಡನೇ ಸಾಲು ಅರ್ಧ ಮಾತ್ರ ಕಂಡಿತು.

"ಇನ್ನೊಂದು ನಲವತ್ತು ಮೀಟರ್ ಏರ್ಸಿದ್ರೆ ಎಲ್ಲಾ ಒಂದೇ ಫೋಟೋದಲ್ಲಿ ಬರುತ್ತೆ," ಎಂದ ತಮ್ಮ, ಅಭ್ಯಾಸಬಲದಿಂದ. ಆಮೇಲೆ ತಾನೇ, "ಬೇಡ ಬಿಡು, ನಂಗೊತ್ತು" ಎಂದ.

ಗೆರೆಯಮ್ಮನಿಗೆ ನಗು ಬಂತು. ಒಂದೇ ಚಿತ್ರದಲ್ಲಿ ಬರಬೇಕೆಂದು ಯಾರು ಹೇಳಿದರು? ಸಾಲಾಗಿ ತೆಗೆದು ಅಂಚಿಗೆ ಅಂಚು ಕೂಡಿಸುವುದೇ ತಾನೇ ತಾನು ಮೂವತ್ತನಾಲ್ಕು ವರ್ಷ ಮಾಡಿದ್ದು! ಉಸಿರು ಹಿಡಿದಳು. ಪೂರ್ವದಿಂದ ಪಶ್ಚಿಮಕ್ಕೆ ಒಂದು ಗೆರೆ, ಹನ್ನೊಂದು ಚಿತ್ರ. ತಿರುಗಿಸಿ ಇನ್ನೊಂದು ಗೆರೆ. ಮೂರನೆಯದಕ್ಕೆ ಬ್ಯಾಟರಿ ಬದಲಿಸಿದಳು.

ಮೂರನೇ ಗೆರೆಯ ನಡುವೆ ಪಕ್ಕದಲ್ಲಿ ಯಾರೂ ಇಲ್ಲವೆಂದು ಗಮನಕ್ಕೆ ಬಂತು. ಕಣ್ಣು ಡ್ರೋನಿನಿಂದ ತೆಗೆಯುವಂತಿಲ್ಲ. "ಎಲ್ಲಿ ಹೋದ್ಯೋ? ಆಕಾಶ ನೋಡೋನು ಯಾರು?" ಎಂದು ಕೂಗಿದಳು.

"ಇಲ್ಲೇ ಇದೀನಿ! ಇಲ್ಲಿಂದ್ಲೂ ಆಕಾಶ ಕಾಣುತ್ತೆ!" ಎಂದು ಗೋಡೆಯಾಚೆಯಿಂದ ದನಿ ಬಂತು.

ಅಷ್ಟೂ ಚಿತ್ರಗಳನ್ನು ಕೂಡಿಸಲು ಹದಿನೈದು ದಿನ ಬೇಕಾಯಿತು. ಕಂಪ್ಯೂಟರು ಕ್ಷಣದಲ್ಲಿ ಮಾಡಿಕೊಡುತ್ತದೆಂದು ತಮ್ಮ ಹೇಳಿದ. ಆಕೆ ಕೇಳಲಿಲ್ಲ, ಕಾಗದಕ್ಕಿಳಿಸಿ, ಬ್ಲೇಡಿನಿಂದ ಕತ್ತರಿಸಿ, ಮನೆಯ ಅಂಚಿಗೆ ಮನೆಯ ಅಂಚು, ದಾರಿಗೆ ದಾರಿ ಕೂಡಿಸಿದಳು. ಹತ್ತನೇ ದಿನ ನಾಲ್ಕನೇ ಮನೆಯ ಹಿತ್ತಿಲಿಗೆ ಬಂದಳು. ಚಾವಣಿ ಕುಸಿದಿತ್ತು. ಗಿಡಗಂಟಿ ಬೆಳೆದಿತ್ತು. ಕಲ್ಲು ಅಲ್ಲೇ ಇತ್ತು. ಕಲ್ಲಿನ ಪಕ್ಕದಲ್ಲಿ ಒಂದು ಚುಕ್ಕೆ, ಮುಖ ಮೇಲೆತ್ತಿಕೊಂಡು ನಿಂತದ್ದು.

ತಮ್ಮನನ್ನು ಕರೆದು ಜೋಡಿಗನ್ನಡಿಯ ಮುಂದೆ ಕೂರಿಸಿದಳು. ಅವನು ಬಹಳ ಹೊತ್ತು ನೋಡಿದ. ಆಮೇಲೆ, "ನೆರಳು ಸ್ವಲ್ಪ ದಪ್ಪಗಿದೆ ಅಲ್ವಾ?" ಎಂದ.

"ಈ ಸಲ ಅದು ನಿನ್ನ ಹೊಟ್ಟೆ ಕಣೋ."

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಕೆಳಗಿನಿಂದ ತಮ್ಮನ ಹೆಂಡತಿ "ಏನಾಯ್ತು ಅಕ್ಕಾ?" ಎಂದು ಓಡಿಬಂದಳು. ಇಬ್ಬರೂ ಜೋಡಿಗನ್ನಡಿಯತ್ತ ಕೈ ತೋರಿಸಿದರು.

ಮರುತಿಂಗಳು ಬುಲ್ಡೋಜರು ಬಂದು ಉಳಿದ ಸಾಲುಗಳೂ ಹೋದವು. ಗೆರೆಯಮ್ಮ ನೋಡಲು ಹೋಗಲಿಲ್ಲ. ಕೂಡಿಸಿದ ಚಿತ್ರದ ದೊಡ್ಡ ಪ್ರತಿಯೊಂದನ್ನು ತಮ್ಮ ಚೌಕಟ್ಟು ಹಾಕಿಸಿ ಅಂಗಡಿಯಲ್ಲಿ ನೇತುಹಾಕಿದ. ಫ್ಯಾನು ರಿಪೇರಿಗೆ ಬಂದ ಮುದುಕನೊಬ್ಬ ಅದರ ಮುಂದೆ ನಿಂತು, "ಇದು ನಮ್ಮ ಗಿರಣಿ ಸಾಲಲ್ವಾ?" ಎಂದ. ಫ್ಯಾನು ಅಲ್ಲೇ ಮರೆತು ಹೋದವನು ಮರುದಿನ ಇನ್ನಿಬ್ಬರನ್ನು ಕರೆತಂದ. ಬಾಯಿಂದ ಬಾಯಿಗೆ ಸುದ್ದಿ ಹೋಗಿ, ಊರಿನ ಮೂಲೆಮೂಲೆಯಿಂದ ಜನ ಬರತೊಡಗಿದರು. ನೂಲು ಸುತ್ತುವ ವಿಭಾಗದವರು, ಲೆಕ್ಕದ ಗುಮಾಸ್ತನ ಮಗಳು, ಕ್ಯಾಂಟೀನಿನವನ ಅಳಿಯ. ಕೆಲವರು ಬೆರಳಿಟ್ಟು ತೋರಿಸುವರು, ಕೆಲವರು ಬೆರಳಿಡಲೂ ಹೆದರಿ ದೂರದಿಂದ ತೋರಿಸುವರು.

ಗೆರೆಯಮ್ಮ ಸಂಜೆ ನಾಲ್ಕರಿಂದ ಆರರ ತನಕ ಅಂಗಡಿಯ ಮೂಲೆಯಲ್ಲಿ ಮೇಜು ಹಾಕಿಕೊಂಡು ಕೂರಲಾರಂಭಿಸಿದಳು. ಚಿತ್ರದ ಮೇಲೆ ಟ್ರೇಸಿಂಗ್ ಹಾಳೆ ಹಾಸಿ, ಯಾವ ಮನೆಯಲ್ಲಿ ಯಾರಿದ್ದರು ಎಂದು ಸಣ್ಣ ಅಕ್ಷರದಲ್ಲಿ ಬರೆಯುತ್ತ ಹೋದಳು. ಬಾವಿ ಎಲ್ಲಿತ್ತು, ಸೈಕಲ್ ನಿಲ್ಲಿಸುವ ಶೆಡ್ಡು ಎಲ್ಲಿತ್ತು, ಮುಷ್ಕರದ ವರ್ಷ ಸಭೆ ಸೇರುತ್ತಿದ್ದ ಕಟ್ಟೆ ಯಾವುದು. ಒಬ್ಬರು ಹೇಳಿದ್ದನ್ನು ಪೆನ್ಸಿಲಿನಲ್ಲಿ ಬರೆಯುವಳು. ಇನ್ನೊಬ್ಬರು ಬಂದು ಅದನ್ನೇ ಹೇಳಿದರೆ ಮಾತ್ರ ಇಂಕು.

ಕಳೆದ ವಾರ ಅಕ್ಕತಂಗಿಯರಿಬ್ಬರು ಬಂದಿದ್ದರು, ಐದನೇ ಸಾಲಿನವರು. ಹುಣಸೆಮರ ಮನೆಯ ಎಡಕ್ಕಿತ್ತೆಂದು ಅಕ್ಕ, ಬಲಕ್ಕಿತ್ತೆಂದು ತಂಗಿ. ಮಾತು ಜೋರಾಯಿತು. ಟೀ ಬಂತು, ಖಾಲಿಯಾಯಿತು. ಯಾರೂ ಸೋಲಲಿಲ್ಲ.

ಗೆರೆಯಮ್ಮ ಎಡಕ್ಕೊಂದು ಮರ, ಬಲಕ್ಕೊಂದು ಮರ ಪೆನ್ಸಿಲಿನಲ್ಲಿ ಬರೆದು, "ಅಣ್ಣ ಇದಾರೆ ಅಂದ್ರಲ್ಲ, ಮುಂದಿನ ವಾರ ಅವರನ್ನೂ ಕರ್ಕೊಂಡು ಬನ್ನಿ" ಎಂದಳು.